ಅಜ್ಜಿಯ ಮರೆವಿಗೂ ರೋಗನಿರೋಧಕ ಶಕ್ತಿಗೂ ಏನು ಸಂಬಂಧ? ಇಮ್ಯುನಿಟಿ ಪುಡಿ ಕೊಡಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 74 ವರ್ಷದ ಅಜ್ಜಿಗೆ ಆಲ್ಝೈಮರ್ ಎಂದು ಹೋದ ತಿಂಗಳು ಮೈಸೂರಿನಲ್ಲಿ ಹೇಳಿದ್ದಾರೆ. ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಮಿದುಳು ಸವೆಯುವುದಕ್ಕೂ ಅದಕ್ಕೂ ನಂಟಿದೆ ಎಂದು ಎಲ್ಲೋ ಓದಿದ್ದೀರಿ. ಅಷ್ಟರಲ್ಲಿ ಮದ್ದೂರಿನ ನೆಂಟರೊಬ್ಬರು ಇಮ್ಯುನಿಟಿ ಹೆಚ್ಚಿಸುವ ಪುಡಿಯ ಡಬ್ಬಿ ತಂದುಕೊಟ್ಟಿದ್ದಾರೆ. ಅದನ್ನು ಕೊಡಬಹುದೇ, ಕೊಟ್ಟರೆ ಮರೆವು ನಿಲ್ಲುತ್ತದೆಯೇ, ಮುಂದೆ ಅಮ್ಮನಿಗೂ ಬರುತ್ತದೆಯೇ ಎಂದು ಕೇಳಿದ್ದೀರಿ.

ನಾನು ವೈದ್ಯೆಯಲ್ಲ. ಮಂಡ್ಯದಲ್ಲಿ ಪದವಿ ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತೇನೆ. ಇಮ್ಯುನಾಲಜಿ, ಅಂದರೆ ರೋಗನಿರೋಧಕ ವ್ಯವಸ್ಥೆಯ ವಿಷಯ, ನನ್ನ ಪಾಲಿಗೆ ಬರುವ ಪಾಠ. ಜೊತೆಗೆ, ಇದೇ ಕಾಯಿಲೆ ಬಂದಿದ್ದ ಅಪ್ಪನನ್ನು ಆರು ವರ್ಷ ನೋಡಿಕೊಂಡವಳು. ಪಾಠದ ಪುಸ್ತಕದಲ್ಲಿ ಓದಿದ್ದು ಮನೆಯ ಹಜಾರದಲ್ಲಿ ಕಣ್ಣೆದುರೇ ನಡೆದಾಗ ಹೇಗಿರುತ್ತದೆ ಎಂದು ಗೊತ್ತು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ನಂಟು ಇರುವುದು ನಿಜ. ಆದರೆ ಡಬ್ಬಿಯನ್ನು ಪಕ್ಕಕ್ಕಿಡಿ. ಮುಪ್ಪಿನಲ್ಲಿ ರೋಗನಿರೋಧಕ ವ್ಯವಸ್ಥೆಯ ತೊಂದರೆ ಬರೀ ಬಲ ಕಡಿಮೆಯಾಗುವುದಲ್ಲ. ಯಾವಾಗ ಶುರುಮಾಡಬೇಕು, ಯಾವಾಗ ನಿಲ್ಲಿಸಬೇಕು ಎನ್ನುವ ಹದ ತಪ್ಪುವುದೇ ಅದರ ದೊಡ್ಡ ತೊಂದರೆ.

ನಮ್ಮೂರು ಪಾಂಡವಪುರದ ಕಡೆಯದು, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳು. ನಾನು ಚಿಕ್ಕವಳಿದ್ದಾಗ ಊರಿಗೊಬ್ಬ ನೀರುಗಂಟಿ ಇದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ತೂಬು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದೆಲ್ಲ ಅವರ ಕೈಯಲ್ಲಿ. ಅವರಿಗೆ ವಯಸ್ಸಾಗಿ ಕಣ್ಣು ಮಂಜಾದ ಮೇಲೆ ಎರಡು ಬಗೆಯ ದೂರು ಒಟ್ಟಿಗೇ ಬರತೊಡಗಿದವು. ಕೊನೆ ಗದ್ದೆಯವರಿಗೆ ನೀರೇ ಹತ್ತಲಿಲ್ಲ, ತಲೆ ಗದ್ದೆಯವರ ಪೈರು ನಿಂತ ನೀರಿನಲ್ಲಿ ಕೊಳೆಯಿತು. ತೆಗೆಯಬೇಕಾದಾಗ ತಡ, ಮುಚ್ಚಬೇಕಾದಾಗ ಮರೆವು. ಮುದಿ ರೋಗನಿರೋಧಕ ವ್ಯವಸ್ಥೆ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಅವರೇ. ಅಂಥ ನಾಲೆಗೆ ಇನ್ನಷ್ಟು ನೀರು ಬಿಟ್ಟರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಇಮ್ಯುನಿಟಿ ಹೆಚ್ಚಿಸುತ್ತೇವೆ ಎನ್ನುವವರು ಮಾಡಹೊರಟಿರುವುದು ಅದನ್ನೇ.

ಈಗ ದೇಹದೊಳಗೆ ಏನಾಗುತ್ತದೆ ಎಂದು ನೋಡೋಣ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಥೈಮಸ್ ಎನ್ನುವ ಗ್ರಂಥಿಯಿದೆ. ಸೋಂಕಿನ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ತಮ್ಮವರು ಯಾರು, ಹೊರಗಿನವರು ಯಾರು ಎಂದು ಪಾಠ ಕಲಿಯುವುದು ಅಲ್ಲಿ. ಹರೆಯ ದಾಟಿದ ಮೇಲೆ ಅದು ಕುಗ್ಗುತ್ತಾ ಹೋಗಿ ಅಜ್ಜಿಯ ವಯಸ್ಸಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ಟಿ ಕೋಶಗಳ ಬರವು ತೀರಾ ಇಳಿದಿರುತ್ತದೆ. ಇದ್ದವರಲ್ಲೂ ಎಷ್ಟೋ ಪಾಲು ಹಳೆಯ ಒಂದೇ ಜಗಳದಲ್ಲಿ ಸಿಕ್ಕಿಕೊಂಡಿರುತ್ತಾರೆ. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ವಯಸ್ಕರ ಮೈಯಲ್ಲೂ ಸದ್ದಿಲ್ಲದೆ ಮಲಗಿರುವ ಸೈಟೋಮೆಗಲೋ ವೈರಸ್ ಒಂದನ್ನು ಅದುಮಿ ಹಿಡಿಯುವುದಕ್ಕೇ ಮುದುಕರ ಟಿ ಕೋಶಗಳ ದೊಡ್ಡ ಭಾಗ ಮೀಸಲಾಗಿರುತ್ತದೆ. ಹೊಸ ಶತ್ರು ಬಂದರೆ ಎದುರಿಸಲು ಆಳಿಲ್ಲ. ಇದು ತೂಬು ತೆಗೆಯಲಾಗದ ಭಾಗ.

ತೂಬು ಮುಚ್ಚಲಾಗದ ಭಾಗಕ್ಕೆ 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಮುಪ್ಪಿನ ಉರಿಯೂತ ಎನ್ನಬಹುದು. ಗಾಯಕ್ಕೋ ಸೋಂಕಿಗೋ ಮೈ ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುವುದೇ ಉರಿಯೂತ. ಗಾಯವಿಲ್ಲ, ಸೋಂಕಿಲ್ಲ, ಆದರೂ ರಕ್ತದಲ್ಲಿ ಉರಿಯೂತದ ಸಂದೇಶ ಹೊತ್ತ ಪ್ರೋಟೀನುಗಳು ಸದಾ ಒಂದಿಷ್ಟು ಏರಿಯೇ ಇರುತ್ತವೆ. ಬೆಲ್ಲ ಇಳಿಸಿದ ಮೇಲೂ ಆಲೆಮನೆಯ ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿರುತ್ತದಲ್ಲ, ಹಾಗೆ. ಇದು ಮಿದುಳನ್ನೂ ಬಿಡುವುದಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಳೆಯ ಇಲಿಯ ರಕ್ತಸಂಚಾರವನ್ನು ಮುದಿ ಇಲಿಯದರೊಂದಿಗೆ ಜೋಡಿಸಿ ನೋಡಿದರು. ಎಳೆಯ ಇಲಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದು ಕಡಿಮೆಯಾಯಿತು. ಮುದಿ ರಕ್ತದಲ್ಲಿದ್ದ ಇಂಥ ಸಂದೇಶ ಪ್ರೋಟೀನೊಂದಕ್ಕೂ ಅದರಲ್ಲಿ ಕೈಯಿತ್ತು.

ಮಿದುಳಿಗೆ ಅದರದ್ದೇ ಕಾವಲಿನವರಿದ್ದಾರೆ. ಮೈಕ್ರೋಗ್ಲಿಯಾ ಎಂದು ಹೆಸರು, 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗ ಗುರುತಿಸಿದ್ದು. ನಾವು ತಾಯ ಹೊಟ್ಟೆಯಲ್ಲಿರುವಾಗಲೇ ಮಿದುಳನ್ನು ಸೇರಿಕೊಂಡು, ಆಮೇಲೆ ಅಲ್ಲಿಯೇ ತಮ್ಮ ಸಂತತಿ ಬೆಳೆಸಿಕೊಂಡು ಬದುಕಿಡೀ ಇರುವ ಕೋಶಗಳು ಇವು. ಕಸ ನುಂಗುವುದು, ಸತ್ತ ಕೋಶ ಎತ್ತುವುದು, ನರಕೋಶಗಳು ಒಂದಕ್ಕೊಂದು ಮಾತಾಡುವ ಜಾಗಗಳಾದ ನರಸಂಧಿಗಳಲ್ಲಿ ಬೇಡದವನ್ನು ಕತ್ತರಿಸುವುದು ಇವುಗಳ ಕೆಲಸ. ಪೈರಿನ ನಡುವೆ ಕಳೆ ಕೀಳುವ ಆಳುಗಳು ಎನ್ನಿ. ಮುಪ್ಪಿನಲ್ಲಿ ಇವಕ್ಕೂ ಅದೇ ಎರಡು ಕಾಯಿಲೆ. ಅಮಿಲಾಯ್ಡ್ ಎನ್ನುವ ಪ್ರೋಟೀನಿನ ಗಂಟುಗಳನ್ನು ನುಂಗಿ ಮುಗಿಸಲಾರವು, ಜೊತೆಗೆ ಸಿಡುಕು ಹತ್ತಿ ಒಳ್ಳೆಯ ನರಸಂಧಿಗಳನ್ನೂ ಕತ್ತರಿಸತೊಡಗುತ್ತವೆ. ಕಳೆ ಉಳಿಯಿತು, ಪೈರು ಹೋಯಿತು.

ಇದು ಬರೀ ಊಹೆಯಲ್ಲ ಎನ್ನುವುದಕ್ಕೆ ನನ್ನನ್ನು ಹೆಚ್ಚು ಒಪ್ಪಿಸಿದ್ದು 2013ರ ಸಂಶೋಧನೆ. ಐಸ್‌ಲ್ಯಾಂಡಿನ ತಂಡವೊಂದು, ಲಂಡನ್ನಿನ ತಂಡವೊಂದು ಬೇರೆಬೇರೆಯಾಗಿ ಒಂದೇ ಜೀನ್‌ ಮುಂದೆ ಬಂದು ನಿಂತವು. ಅದರ ಹೆಸರು ಟ್ರೆಮ್2. ಅದರಲ್ಲಿ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಆಲ್ಝೈಮರ್ ಬರುವ ಸಂಭವ ಸುಮಾರು ಮೂರು ಪಟ್ಟು. ಮಿದುಳಿನಲ್ಲಿ ಆ ಜೀನ್ ಕೆಲಸ ಮಾಡುವುದು ನರಕೋಶದಲ್ಲಲ್ಲ, ಮೈಕ್ರೋಗ್ಲಿಯಾದಲ್ಲಿ. ಕಾವಲಿನವರ ಕೈ ಸೋತರೆ ಮನೆ ಬೀಳುತ್ತದೆ ಎಂದು ಹುಟ್ಟಿನಿಂದ ಬಂದ ಬರಹವೇ ಸಾಕ್ಷಿ ಹೇಳಿದಂತಾಯಿತು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯಲ್ಲೂ ಇಂಥದೇ ಸುಳಿವುಗಳಿವೆ. ಆ ರೋಗಿಗಳ ಮಿದುಳಿನಲ್ಲಿ ಗಂಟುಕಟ್ಟುವ ಆಲ್ಫಾ ಸಿನ್ಯೂಕ್ಲಿನ್ ಪ್ರೋಟೀನಿನ ಚೂರುಗಳನ್ನು ಅವರದೇ ಟಿ ಕೋಶಗಳು ಶತ್ರುವೆಂದು ಗುರುತಿಸುತ್ತವೆ ಎಂದು 2017ರಲ್ಲಿ ಕಂಡುಬಂತು.

ಇಷ್ಟು ಓದಿದ ಮೇಲೆ, ಉರಿಯೂತವೇ ಶತ್ರುವಾದರೆ ಅದನ್ನು ಇಳಿಸುವ ಮಾತ್ರೆ ಕೊಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಅಮೆರಿಕದಲ್ಲಿ ವಯಸ್ಸಾದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನೆಪ್ರಾಕ್ಸೆನ್, ಸೆಲೆಕಾಕ್ಸಿಬ್ ಎನ್ನುವ ನೋವಿನ ಮಾತ್ರೆಗಳನ್ನು ಕೊಟ್ಟು ನೋಡಿದರು. ಹೃದಯಕ್ಕೆ ಅಪಾಯ ಎನ್ನುವ ಆತಂಕದಿಂದ 2004ರಲ್ಲಿ ಮಾತ್ರೆ ನಿಲ್ಲಿಸಬೇಕಾಯಿತು, ಮರೆವನ್ನು ಅವು ತಡೆಯಲೂ ಇಲ್ಲ. ಕಾವಲಿನವರನ್ನು ಹೊಡೆದು ಮಲಗಿಸಿದರೆ ಕಸ ನುಂಗುವವರೂ ಮಲಗಿದಂತೆ. ಹೆಚ್ಚಿಸುವುದೂ ಮದ್ದಲ್ಲ, ಅದುಮುವುದೂ ಮದ್ದಲ್ಲ.

ಇನ್ನು ಅಪ್ಪನ ಕಥೆ. ನಿಮಗೆ ಮುಖ್ಯವಾಗಿ ಹೇಳಬೇಕಿರುವುದು ಇದು.

ಅಪ್ಪ ಕಬ್ಬು ಬೆಳೆದವರು. ಮೊದಮೊದಲು ಕಟಾವಿನ ಲೆಕ್ಕ ತಪ್ಪುತ್ತಿತ್ತು, ಆಮೇಲೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿ ತಪ್ಪಿತು. ಊರವರು ಅರವತ್ತಕ್ಕೆ ಅರಳುಮರಳು ಎಂದರು. ಅದು ಕಾಯಿಲೆ, ವಯಸ್ಸಿನ ಸಹಜ ಗುಣವಲ್ಲ ಎಂದು ಒಪ್ಪಿಕೊಳ್ಳಲು ನಮಗೇ ಎರಡು ವರ್ಷ ಹಿಡಿಯಿತು. ಆದರೂ ಇಳಿಜಾರು ನಿಧಾನವಾಗಿತ್ತು. ನಾಲ್ಕನೆಯ ವರ್ಷ ಒಂದು ರಾತ್ರಿಯಲ್ಲಿ ಎಲ್ಲ ಬದಲಾಯಿತು. ಸಂಜೆ ಮುದ್ದೆ ಉಂಡು ಮಲಗಿದವರು ಬೆಳಗಿನ ಜಾವ ಎದ್ದು ಸತ್ತುಹೋಗಿದ್ದ ಅಣ್ಣನ ಹೆಸರು ಹಿಡಿದು ಕೂಗತೊಡಗಿದರು. ಹೊದಿಕೆ ಕೀಳುವರು, ಗೋಡೆಯ ಮೇಲೆ ಹುಳ ಎನ್ನುವರು, ನನ್ನನ್ನು ಯಾರು ಎನ್ನುವರು. ಜ್ವರ ಇರಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರೆ, ಕಾಯಿಲೆ ಮುಂದುವರಿದಿದೆ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸಿದರು. ಯಾರೂ ಒಂದು ಮೂತ್ರ ಪರೀಕ್ಷೆ ಮಾಡಿಸಲಿಲ್ಲ. ಮೂರು ದಿನ ಅಪ್ಪ ಅರೆಪ್ರಜ್ಞೆಯಲ್ಲಿ ಬಿದ್ದಿದ್ದರು. ನಾಲ್ಕನೆಯ ದಿನ ಬೇರೊಬ್ಬ ವೈದ್ಯರು ನೋಡಿ, ಮೂತ್ರದ ಸೋಂಕು ಎಂದು ಪತ್ತೆ ಮಾಡಿ ಆಂಟಿಬಯಾಟಿಕ್ ಕೊಟ್ಟರು. ಐದು ದಿನಕ್ಕೆ ಕಣ್ಣಲ್ಲಿ ಅಪ್ಪ ಮರಳಿ ಬಂದರು. ಎದ್ದು ಕೂತು ಕೇಳಿದ ಮೊದಲ ಮಾತು, ‘ನಾಲೆಗೆ ನೀರು ಬಿಟ್ರಾ?’

ಬಂದರು, ಆದರೆ ಪೂರ್ತಿ ಬರಲಿಲ್ಲ. ಆ ಹತ್ತು ದಿನದ ಮುಂಚೆ ತಾವೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಆಮೇಲೆ ಅದು ಆಗಲಿಲ್ಲ. ಪಾಠ ಮಾಡುವವಳಾಗಿಯೂ ನನಗೆ ಆ ಮೂರು ದಿನ ಹೊಳೆಯಲಿಲ್ಲವಲ್ಲ ಎನ್ನುವ ನೋವು ಈಗಲೂ ಹೋಗಿಲ್ಲ.

ಅಪ್ಪನಿಗೆ ಆ ರಾತ್ರಿ ಆದದ್ದಕ್ಕೆ ಡೆಲಿರಿಯಂ ಎನ್ನುತ್ತಾರೆ. ಮೈಯಲ್ಲಿ ಎಲ್ಲೋ ಸೋಂಕು ಬಂದರೆ ಅದರ ಸಂದೇಶ ರಕ್ತದ ಮೂಲಕ ಮಿದುಳಿಗೆ ಮುಟ್ಟುತ್ತದೆ, ಮೊದಲೇ ಸಿಡುಕಾಗಿರುವ ಮೈಕ್ರೋಗ್ಲಿಯಾ ಉರಿದುಬೀಳುತ್ತವೆ. ಮುದಿ ವ್ಯವಸ್ಥೆಗೆ ಜ್ವರ ಏರಿಸುವ ಶಕ್ತಿ ಕಡಿಮೆ, ಆದ್ದರಿಂದ ಥರ್ಮಾಮೀಟರ್ ನಂಬಿ ಕೂರುವಂತಿಲ್ಲ. ಸೌತಾಂಪ್ಟನ್ ವಿಶ್ವವಿದ್ಯಾಲಯದವರು 300 ಆಲ್ಝೈಮರ್ ರೋಗಿಗಳನ್ನು ಆರು ತಿಂಗಳು ನೋಡಿ 2009ರಲ್ಲಿ ವರದಿ ಮಾಡಿದರು. ಆ ಅವಧಿಯಲ್ಲಿ ಸೋಂಕು, ಗಾಯದಂಥ ತೊಂದರೆ ಆದವರ ನೆನಪು, ಆಗದವರಿಗಿಂತ ಎರಡು ಪಟ್ಟು ವೇಗವಾಗಿ ಕುಸಿದಿತ್ತು. ನಾನು ಇದನ್ನು ಓದಿದ್ದು ಅಪ್ಪ ಹೋದ ಮೇಲೆ. ನೀವು ಈಗಲೇ ಓದಿದ್ದೀರಿ. ಅಜ್ಜಿ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬದಲಾದರೆ, ವಿಪರೀತ ಗಲಾಟೆ ಮಾಡಿದರೂ ಸರಿ, ವಿಪರೀತ ಮಂಕಾದರೂ ಸರಿ, ಕಾಯಿಲೆಯೇ ಜಾಸ್ತಿಯಾಯಿತು ಎಂದು ಒಪ್ಪಿಕೊಳ್ಳಬೇಡಿ. ಆಲ್ಝೈಮರ್ ಒಂದು ರಾತ್ರಿಯಲ್ಲಿ ಜಿಗಿಯುವುದಿಲ್ಲ. ಅದೇ ದಿನ ವೈದ್ಯರ ಬಳಿ ಹೋಗಿ ಮೂತ್ರ, ಎದೆ, ನೀರಿನ ಕೊರತೆ, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ ಎಲ್ಲವನ್ನೂ ನೋಡಿ ಎಂದು ಕೇಳಿ. ಗಟ್ಟಿಯಾಗಿ ಕೇಳಿ.

ಲಸಿಕೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕ್ಷೇತ್ರದಲ್ಲಿ ಈಚೆಗೆ ನನ್ನನ್ನು ಎದ್ದು ಕೂರಿಸಿದ ಸುದ್ದಿ ಅದು. ನಮ್ಮ ಕಡೆ ಸರ್ಪಸುತ್ತು ಎನ್ನುತ್ತೇವಲ್ಲ, ಸೊಂಟದ ಸುತ್ತ ಗುಳ್ಳೆ ಎದ್ದು ಉರಿಯುವುದು, ಕೆಮ್ಮಣ್ಣು ಹಚ್ಚಿಸಿಕೊಂಡು ಬರುವುದು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತರಿಸಿದ ಚಿಕನ್‌ಪಾಕ್ಸ್ ವೈರಸ್ಸು ನರಗಳಲ್ಲಿ ಅಡಗಿದ್ದು, ಟಿ ಕೋಶಗಳ ಹಿಡಿತ ಸಡಿಲಾದಾಗ ಮತ್ತೆ ಏಳುವುದೇ ಸರ್ಪಸುತ್ತು. ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರ್ 1ರಂದು ಅದಕ್ಕೆ ಲಸಿಕೆ ಶುರುಮಾಡಿದಾಗ, 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅವಕಾಶ, ಅದಕ್ಕಿಂತ ಒಂದು ದಿನ ಮೊದಲು ಹುಟ್ಟಿದವರಿಗೂ ಇಲ್ಲ ಎಂದು ಗೆರೆ ಎಳೆದರು. ಒಂದೆರಡು ವಾರದ ಅಂತರದಲ್ಲಿ ಹುಟ್ಟಿದ ಜನರಲ್ಲಿ ಬೇರೆ ಯಾವ ವ್ಯತ್ಯಾಸವೂ ಇರಲು ಕಾರಣವಿಲ್ಲ. ಏಳು ವರ್ಷದ ದಾಖಲೆ ತೆಗೆದು ನೋಡಿದರೆ, ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ (ಆಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಸುಮಾರು ಐದನೇ ಒಂದು ಭಾಗ ಕಡಿಮೆಯಿತ್ತು, ಹೆಂಗಸರಲ್ಲಿ ಆ ಲಾಭ ಇನ್ನೂ ಹೆಚ್ಚು. 2025ರಲ್ಲಿ ಇದು ಪ್ರಕಟವಾಯಿತು. ಅಲ್ಲಿ ಬಳಸಿದ್ದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಹಳೆಯ ಲಸಿಕೆ. ಭಾರತದಲ್ಲಿ 50 ದಾಟಿದವರಿಗೆ ಈಗ ಸಿಗುವ ಶಿಂಗ್ರಿಕ್ಸ್ ಬೇರೆ ಬಗೆಯದು, ಎರಡು ಡೋಸಿನದು, ದುಬಾರಿಯೂ ಹೌದು. ಈಗಾಗಲೇ ಬಂದಿರುವ ಮರೆವನ್ನು ಲಸಿಕೆ ವಾಪಸ್ ತರುವುದಿಲ್ಲ. ಆದರೆ ಸರ್ಪಸುತ್ತು, ಫ್ಲೂ, ನ್ಯುಮೋನಿಯಾ ಯಾವುದೇ ಆಗಲಿ, ಅಜ್ಜಿಗೆ ಬರದಂತೆ ನೋಡಿಕೊಂಡಷ್ಟೂ ಮೇಲೆ ಹೇಳಿದಂಥ ರಾತ್ರಿಗಳು ಕಡಿಮೆ. ಪುಡಿಯ ಬದಲು ನೀವು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: ಯಾವ ಲಸಿಕೆ ಮೊದಲು?

ಆ ಪುಡಿಗೆ ಇನ್ನೊಂದು ಮಾತು. ಡಬ್ಬಿಯ ಮೇಲೆ ಅಮೃತಬಳ್ಳಿ ಇದೆಯೇ ನೋಡಿ. ಕೋವಿಡ್ ಕಾಲದಲ್ಲಿ ಇಮ್ಯುನಿಟಿಗೆಂದು ಅದನ್ನು ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆಮೇಲೆ ಬೇರೆ ಊರುಗಳ ಆಸ್ಪತ್ರೆಗಳಿಂದಲೂ ಅಂಥವೇ ಪ್ರಕರಣಗಳು ಪ್ರಕಟವಾದವು. ಗಮನಿಸಬೇಕಾದ್ದು ಆ ಪೆಟ್ಟಿನ ಬಗೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಲಕ್ಷಣಗಳು ಅವರಲ್ಲಿದ್ದವು. ಅಡುಗೆಯ ಅರಿಸಿನ, ಮೆಣಸಿನ ಸಾರಿಗೆ ನನ್ನ ತಕರಾರಿಲ್ಲ. ಪ್ರೀತಿಯಿಂದ ಮಾಡಿಕೊಡಿ.

ಹೊಸ ಔಷಧಿಗಳ ಬಗ್ಗೆ ಎರಡೇ ಮಾತು. ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಅಮಿಲಾಯ್ಡ್ ಗಂಟಿಗೆ ಅಂಟಿಕೊಂಡು, ಇದನ್ನು ನುಂಗು ಎಂದು ಮೈಕ್ರೋಗ್ಲಿಯಾಗೆ ಗುರುತು ತೋರಿಸುತ್ತದೆ. 18 ತಿಂಗಳಲ್ಲಿ ಕುಸಿತದ ವೇಗ 27% ತಗ್ಗಿತು. ಅದೂ ತೀರಾ ಆರಂಭದ ಹಂತದವರಲ್ಲಿ. ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವಿರುವುದರಿಂದ ಪದೇಪದೇ ಎಂಆರ್‌ಐ ಬೇಕು.

ಕಿವಿಯನ್ನು ಮಾತ್ರ ತಪ್ಪದೆ ತೋರಿಸಿ. ಕಿವಿ ಮಂದವಾಗುವುದು ಡಿಮೆನ್ಷಿಯಾಕ್ಕೆ ತಡೆಯಬಹುದಾದ ದೊಡ್ಡ ಕಾರಣಗಳಲ್ಲೊಂದು. 2023ರ ಅಮೆರಿಕದ ಪ್ರಯೋಗವೊಂದರಲ್ಲಿ ಎಲ್ಲರನ್ನೂ ಸೇರಿಸಿದರೆ ವ್ಯತ್ಯಾಸ ಕಾಣದಿದ್ದರೂ, ಅಪಾಯ ಹೆಚ್ಚಿದ್ದ ಮುದುಕರಲ್ಲಿ ಶ್ರವಣಯಂತ್ರ ಹಾಕಿಸಿದ ಮೇಲೆ ಮೂರು ವರ್ಷದಲ್ಲಿ ಬುದ್ಧಿಶಕ್ತಿಯ ಕುಸಿತ 48% ಕಡಿಮೆಯಾಯಿತು. ಮೈಸೂರಿನವರಿಗೆ ಇದಕ್ಕಾಗಿ ದೂರ ಹೋಗಬೇಕಿಲ್ಲ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಅದಕ್ಕೆ. ಅಪ್ಪನಿಗೆ ಯಂತ್ರ ಹಾಕಿಸಿದ ಮೇಲೆ ಅವರ ಮರೆವೇನೂ ಹೋಗಲಿಲ್ಲ. ಆದರೆ ನಾವು ಅವರೊಡನೆ ಕೂಗಾಡುವುದು ನಿಂತಿತು, ಅವರು ಮತ್ತೆ ಜಗುಲಿಗೆ ಬಂದು ಕೂರತೊಡಗಿದರು.

ಮೈಸೂರಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು, ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿದ್ದರು. ಆ ದಾಖಲೆಗಳನ್ನು ಹಿಡಿದು ಸಂಶೋಧಕರು 1990ರ ದಶಕದಲ್ಲಿ ನಗರದಲ್ಲಿ ಅವರನ್ನೆಲ್ಲ ಹುಡುಕಿದರು. ಸಕ್ಕರೆ ಕಾಯಿಲೆ, ಹೃದ್ರೋಗಕ್ಕೂ ಹುಟ್ಟಿದಾಗಿನ ಗಾತ್ರಕ್ಕೂ ಇರುವ ನಂಟನ್ನು ನೋಡಿದರು. ಆ ಮಕ್ಕಳು ಮುದುಕರಾದ ಮೇಲೆ ಮತ್ತೆ ಹೋಗಿ ನೆನಪು, ಬುದ್ಧಿಶಕ್ತಿಯ ಪರೀಕ್ಷೆ ಮಾಡಿದರು. ಈ ಕೆಲಸದಲ್ಲೂ ಸೌತಾಂಪ್ಟನ್ನಿನವರು ಜೊತೆಗಿದ್ದರು. ಗರ್ಭದಲ್ಲಿ, ಎಳವೆಯಲ್ಲಿ ಪೋಷಣೆ ಸಿಗದಿದ್ದರೆ ಮೊದಲು ಸೊರಗುವ ಅಂಗಗಳಲ್ಲಿ ಥೈಮಸ್ ಒಂದು ಎನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಅಜ್ಜಿಯ ಮುಪ್ಪಿನ ಕಾವಲಿನ ಕಥೆ ಅವರ ತಾಯಿ ಬಸುರಿಯಾಗಿದ್ದಾಗ ಉಂಡ ಊಟದಿಂದಲೇ ಶುರುವಾಗಿರಬಹುದು. ನಮ್ಮ ಹಳ್ಳಿಯವರ ಮಿದುಳಿನ ಲೆಕ್ಕ ಯುರೋಪಿನವರ ಲೆಕ್ಕದಿಂದ ಬರುವುದಿಲ್ಲ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಜನರ ಗುರಿ ಇಟ್ಟುಕೊಂಡು ವರ್ಷಗಳಿಂದ ಮಾಡುತ್ತಿರುವ ಅಧ್ಯಯನವನ್ನು ನಾನು ಬಹಳ ಆಸೆಯಿಂದ ಗಮನಿಸುತ್ತಿದ್ದೇನೆ. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರ ಅಂದಾಜು.

ಉಳಿದದ್ದು ಅಮ್ಮನಿಗೂ ಬರುತ್ತದೆಯೇ ಎನ್ನುವ ನಿಮ್ಮ ಪ್ರಶ್ನೆ. 65 ದಾಟಿದ ಮೇಲೆ ಶುರುವಾಗುವ ಆಲ್ಝೈಮರ್ ಬಹುಪಾಲು ನೇರವಾಗಿ ತಾಯಿಯಿಂದ ಮಗಳಿಗೆ ಇಳಿಯುವಂಥದ್ದಲ್ಲ. ಸಂಭವ ಒಂದಿಷ್ಟು ಹೆಚ್ಚು, ಅಷ್ಟೇ. ಆದರೆ ಮಿದುಳಿನಲ್ಲಿ ಅಮಿಲಾಯ್ಡ್ ಕೂಡಲು ಶುರುವಾಗುವುದು ಮರೆವು ಕಾಣುವ 15-20 ವರ್ಷ ಮೊದಲೇ. ಅಮ್ಮನಿಗೆ 52 ಎಂದು ಬರೆದಿದ್ದೀರಿ. ಹಾಗಾಗಿ ಅಜ್ಜಿಯ ಆರೈಕೆಯಲ್ಲಿ ಅಮ್ಮನನ್ನು ಮರೆಯಬೇಡಿ. ಲ್ಯಾನ್ಸೆಟ್ ಎನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ಲೆಕ್ಕದಲ್ಲಿ ಬಿ.ಪಿ., ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಕಿವಿ, ಕಣ್ಣು, ಒಂಟಿತನ ಎಲ್ಲ ಸೇರಿ 14 ಕಾರಣಗಳನ್ನು ಸರಿಪಡಿಸಿದರೆ ಡಿಮೆನ್ಷಿಯಾದ 45% ತಡೆಯಬಹುದು ಅಥವಾ ಮುಂದೂಡಬಹುದು. ವ್ಯಾಯಾಮಕ್ಕೂ ಥೈಮಸ್ಸಿಗೂ ನಂಟಿದೆ. ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ದೂರ ದೂರ ಸೈಕಲ್ ತುಳಿದ 55ರಿಂದ 79ರ ವಯಸ್ಸಿನ 125 ಜನರನ್ನು 2018ರಲ್ಲಿ ಪರೀಕ್ಷಿಸಿದಾಗ, ಅವರ ಥೈಮಸ್ಸು ಯುವಕರಲ್ಲಿದ್ದಷ್ಟೇ ಹೊಸ ಟಿ ಕೋಶ ಕಳಿಸುತ್ತಿತ್ತು. ಅಮ್ಮ ಸೈಕಲ್ ತುಳಿಯಬೇಕಾಗಿಲ್ಲ. ಸಂಜೆ ಒಂದು ಗಂಟೆ ಅಜ್ಜಿಯ ಬಳಿ ನೀವು ಕೂತು, ಅಮ್ಮನನ್ನು ಕುಕ್ಕರಹಳ್ಳಿ ಕೆರೆಯ ಕಡೆ ನಡೆಯಲು ಕಳಿಸಿ. ಆರು ವರ್ಷ ನಮ್ಮ ಮನೆಯಲ್ಲಿ ನನ್ನಮ್ಮನಿಗೆ ಆ ಒಂದು ಗಂಟೆಯನ್ನು ಯಾರೂ ಕೊಡಲಿಲ್ಲ.

ಅಜ್ಜಿ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಅವರ ನಿದ್ದೆ, ಊಟ, ಇದುವರೆಗೆ ಹಾಕಿಸಿರುವ ಲಸಿಕೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ವೈದ್ಯರ ಬಳಿ ಹೋಗಿ. ಅಲ್ಲಿ ಅರ್ಥವಾಗದ ಮಾತು ಏನಾದರೂ ಇದ್ದರೆ ಇಲ್ಲಿಯೇ ಕೆಳಗೆ ಕೇಳಿ, ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ.